ಕಸ ಕಡಿಮೆ ಮಾಡುವ ಉಪಾಯ: ಮೊಬೈಲಿನಲ್ಲಿ ಹುಡುಕುವ ಮುನ್ನ ಡಬ್ಬ ನೋಡಿ

ಯೂಟ್ಯೂಬಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ‘ಕಸದಿಂದ ರಸ’ ಎಂದು ಹುಡುಕಿ ನೋಡಿ. ಬಾಟಲಿಗೆ ಬಣ್ಣ ಬಳಿದು ಹೂದಾನಿ ಮಾಡುವ ವಿಡಿಯೋಗಳು ಸಾಲುಗಟ್ಟಿ ಬರುತ್ತವೆ. ನೋಡಲು ಚೆಂದವೇ. ಆದರೆ ಅದಕ್ಕೆ ಬೇಕಾದ ಅಂಟು, ಬಣ್ಣ, ಮಣಿಗಳನ್ನೆಲ್ಲ ಅಂಗಡಿಯಿಂದ ಹೊಸದಾಗಿ ತರಬೇಕು. ಇಷ್ಟೆಲ್ಲ ಮೆತ್ತಿದ ಮೇಲೆ, ಗುಜರಿಗೆ ಹೋಗಿ ಮರುಬಳಕೆ ಆಗುತ್ತಿದ್ದ ಬಾಟಲಿಯನ್ನು ಯಾರೂ ಕೊಳ್ಳುವುದಿಲ್ಲ. ಮನೆಯಿಂದ ಹೊರಹೋಗುವ ಕಸ ನಿಜಕ್ಕೂ ಇಳಿಯಬೇಕು ಎಂದಿದ್ದರೆ ಹುಡುಕುವ ದಾರಿ ಬೇರೆ.

ಮೊದಲ ಹೆಜ್ಜೆ: ಒಂದು ವಾರ ಕಸ ಗಮನಿಸಿ

ಮೊಬೈಲ್ ಪಕ್ಕಕ್ಕಿಟ್ಟು ಒಂದು ವಾರ ಡಬ್ಬದಲ್ಲಿ ಏನೇನು ಬೀಳುತ್ತಿದೆ ಎಂದು ಬರೆದಿಡಿ. ಬೆಂಗಳೂರಿನವರಿಗೆ ‘ಎರಡು ಡಬ್ಬ, ಒಂದು ಚೀಲ’ ಗೊತ್ತಿರುವ ಪದ್ಧತಿ. ಹಸಿ ಕಸಕ್ಕೆ ಹಸಿರು ಡಬ್ಬ, ಸ್ಯಾನಿಟರಿ ಪ್ಯಾಡ್, ಡಯಾಪರ್‌ನಂಥವಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಇದನ್ನು ನಗರಕ್ಕೆಲ್ಲ ಅನ್ವಯವಾಗುವಂತೆ ಆದೇಶಿಸಿತು. ಬೇರೆ ಊರಿನಲ್ಲಿರುವವರೂ ಹೀಗೇ ಬೇರ್ಪಡಿಸಿ ನೋಡಬಹುದು.

ವಾರದ ಕೊನೆಗೆ ಹಸಿರು ಡಬ್ಬವೇ ಹೆಚ್ಚು ತೂಗುತ್ತದೆ. ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಕಾಫಿ ಚರಟ, ಮಿಕ್ಕ ಅನ್ನ, ಇವೇ ಸಾಮಾನ್ಯವಾಗಿ ನಮ್ಮ ಮನೆಗಳ ಕಸದಲ್ಲಿ ತೂಕದ ಅರ್ಧಕ್ಕೂ ಮೀರಿರುತ್ತವೆ. ಬೆರಕೆ ಕಸದ ರಾಶಿಯೊಳಗೆ ಇವು ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ, ಕಪ್ಪು ಕೊಳಚೆ ನೀರು ನೆಲಕ್ಕಿಳಿಯುತ್ತದೆ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನ ವರ್ಷಗಟ್ಟಲೆ ಸಹಿಸಿದ್ದು ಇದನ್ನೇ. 2014ರಲ್ಲಿ ಮಂಡೂರಿನವರು ಕಸದ ಲಾರಿಗಳ ವಿರುದ್ಧ ಬೀದಿಗಿಳಿದಿದ್ದರು. ನಮ್ಮ ಅಡುಗೆಮನೆಯ ಸಿಪ್ಪೆ ಇನ್ನೊಂದು ಊರಿನ ನೀರು ಕೆಡಿಸಬಾರದು. ಅದಕ್ಕೇ ನಿಮ್ಮ ಮೊದಲ ಹುಡುಕಾಟ ಹಸಿ ಕಸದಿಂದ ಮಾಡುವ ಗೊಬ್ಬರದ್ದಾಗಲಿ, ಅಂದರೆ ಕಾಂಪೋಸ್ಟಿನದ್ದಾಗಲಿ, ಹೂದಾನಿಯದ್ದಲ್ಲ.

ಎರಡನೆಯದು: ಏನೆಂದು ಹುಡುಕಬೇಕು?

‘ಝೀರೋ ವೇಸ್ಟ್’ ಎಂದಷ್ಟೇ ಹಾಕಿದರೆ ಗಾಜಿನ ಜಾಡಿ, ಬಿದಿರಿನ ಬ್ರಷ್ಷು, ಸ್ಟೀಲ್ ಸ್ಟ್ರಾ ಮಾರುವವರೇ ಎದುರಾಗುತ್ತಾರೆ. ನಿಮ್ಮ ಡಬ್ಬದಲ್ಲಿರುವ ವಸ್ತುವಿನ ಹೆಸರನ್ನೇ ಹಾಕಿ, ಜೊತೆಗೆ ಊರನ್ನೋ ಜಾಗವನ್ನೋ ಸೇರಿಸಿ: ‘ಬಾಲ್ಕನಿಯಲ್ಲಿ ಕಾಂಪೋಸ್ಟ್’, ‘ತಾರಸಿ ತೋಟಕ್ಕೆ ಅಡುಗೆಮನೆ ಗೊಬ್ಬರ’, ‘ಹಳೇ ಸೀರೆ ಕೌದಿ’. ಕನ್ನಡದಲ್ಲಿ ಹುಡುಕಿದರೆ ನಮ್ಮ ಹವೆ, ನಮ್ಮ ಅಡುಗೆ ಗೊತ್ತಿರುವವರು ಸಿಗುತ್ತಾರೆ. ಹಿಮ ಬೀಳುವ ದೇಶದವರ ಕಾಂಪೋಸ್ಟ್ ಲೆಕ್ಕ ಮಳೆಗಾಲದ ಶಿವಮೊಗ್ಗಕ್ಕೆ ಹೊಂದುವುದಿಲ್ಲ.

ಬೆಂಗಳೂರಿನ ಡೈಲಿ ಡಂಪ್ ಸಂಸ್ಥೆ 2006ರಿಂದಲೂ ಒಂದರ ಮೇಲೊಂದು ಕೂರುವ ಮಣ್ಣಿನ ಮಡಕೆಗಳಲ್ಲಿ ಗೊಬ್ಬರ ಮಾಡುವುದನ್ನು ಕಲಿಸುತ್ತ ಬಂದಿದೆ. ಮಡಕೆಯನ್ನೇ ಕೊಳ್ಳಬೇಕೆಂದಿಲ್ಲ, ಹಳೆಯ ಪೇಂಟ್ ಬಕೆಟ್ಟನ್ನು ಚೆನ್ನಾಗಿ ತೊಳೆದು ತೂತು ಕೊರೆದರೂ ನಡೆಯುತ್ತದೆ. ಚಿಂದಿ ಆಯುವವರೊಂದಿಗೆ ದುಡಿಯುವ ಹಸಿರು ದಳದ ಬರಹ, ವಿಡಿಯೋಗಳನ್ನೂ ನೋಡಿ. ನಾವು ಎಸೆದದ್ದನ್ನು ಕೈಯಾರೆ ಆರಿಸುವವರ ಮಾತು ಕೇಳಿದರೆ ಬೇರ್ಪಡಿಸುವ ಕೆಲಸದ ಬೆಲೆ ಅರ್ಥವಾಗುತ್ತದೆ.

ಮೂರನೆಯದು: ವಿಡಿಯೋ ನಂಬಬಹುದೇ?

ಒಳ್ಳೆಯ ಕಾಂಪೋಸ್ಟ್ ವಿಡಿಯೋ ಮನೆಯಲ್ಲಿ ಎಷ್ಟು ಜನ, ಒಣ ಪದಾರ್ಥ ಯಾವುದು, ಎಷ್ಟು ದಿನ ಹಿಡಿಯಿತು ಎಂದು ಹೇಳುತ್ತದೆ. ಮೊದಲ ದಿನ ತೋರಿಸಿ ಮರುಕ್ಷಣವೇ ಕಪ್ಪು ಗೊಬ್ಬರ ತೋರಿಸುವುದನ್ನು ಬಿಟ್ಟುಬಿಡಿ. ನಡುವಿನ ದಿನಗಳಲ್ಲಿ ಬಕೆಟ್ ಹೇಗಿತ್ತು ಎಂಬುದೇ ಕಲಿಯಬೇಕಾದ ಪಾಠ.

ಆ ದಿನಗಳಲ್ಲಿ ನಿಮಗೇನು ಗೊತ್ತಿರಬೇಕು? ತಳಕ್ಕೆ ಒಂದು ಪದರ ತರಗೆಲೆ ಹಾಕಿ. ಮೇಲೆ ಅಂದಿನ ಹಸಿ ಕಸವನ್ನು ಸಣ್ಣಗೆ ಹೆಚ್ಚಿ ಹಾಕಿ. ಸಾರು, ಪಲ್ಯ ಮಿಕ್ಕಿದ್ದರೆ ನೀರು ಸೋಸಿಯೇ ಹಾಕಬೇಕು. ಅದರ ಮೇಲೆ ಅಷ್ಟೇ ಪ್ರಮಾಣದ ತರಗೆಲೆ ಅಥವಾ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮುಚ್ಚಿ. ಶುರುವಿಗೆ ಒಂದು ಹಿಡಿ ಸಗಣಿಯೋ ಒಂದು ಲೋಟ ಹುಳಿ ಮಜ್ಜಿಗೆಯೋ ಸಾಕು, ಪ್ಯಾಕೆಟ್ಟಿನ ಪುಡಿಯೇ ಬೇಕೆಂದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಕೆದಕಿ, ಗಾಳಿಯಾಡಲಿ.

ಹದ ನೋಡಲು ಒಂದು ಮುಷ್ಟಿ ಎತ್ತಿ ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಹಸಿ ಜಾಸ್ತಿಯಾಗಿದೆ, ಇನ್ನಷ್ಟು ತರಗೆಲೆ ಬೇಕು. ಕೈಬಿಟ್ಟ ಕೂಡಲೇ ಪುಡಿಪುಡಿಯಾಗಿ ಉದುರಿದರೆ ತುಸು ನೀರು ಚಿಮುಕಿಸಿ. ಉಂಡೆಯಾಗಿ ನಿಂತು, ಅಂಗೈ ಬರೀ ಒದ್ದೆಯಾದರೆ ಸರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಿಲ್ಲ. ಮೂಗಿಗೆ ಅಮೋನಿಯದ ಘಾಟು ಹೊಡೆದರೆ ತರಗೆಲೆ ಸಾಲದು. ಹುಳ ಕಂಡು ಎಷ್ಟೋ ಜನ ಗಾಬರಿಯಾಗಿ ಅಲ್ಲಿಗೇ ಕೈಬಿಡುತ್ತಾರೆ. ದಪ್ಪನೆಯ ಕಂದು ಹುಳಗಳು ಹೆಚ್ಚಾಗಿ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಅವು ಕಸ ತಿಂದು ಕರಗಿಸುತ್ತವೆ, ಯಾರಿಗೂ ಕೇಡು ಮಾಡುವುದಿಲ್ಲ. ಬೇಡವೆನಿಸಿದರೆ ಒಣ ಪದರ ದಪ್ಪ ಮಾಡಿ. ಎರಡು ಮೂರು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗೊಬ್ಬರ ಆಯಿತು.

ಹಣ್ಣಿನ ಸಿಪ್ಪೆ ಹುದುಗಿಸಿ ಬಯೋಎಂಜೈಮ್ ಎಂಬ ಶುಚಿದ್ರವ ಮಾಡುವುದೂ ಸುಲಭ: ಬೆಲ್ಲ ಒಂದು ಪಾಲು, ಸಿಪ್ಪೆ ಮೂರು, ನೀರು ಹತ್ತು, ಮೂರು ತಿಂಗಳು. ಪ್ಲಾಸ್ಟಿಕ್ ಬಾಟಲಿಯಲ್ಲೇ ಮಾಡಿ, ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ, ಇಲ್ಲದಿದ್ದರೆ ಒಡೆಯುತ್ತದೆ. ನೆಲ ಒರೆಸಲು ಚೆನ್ನ. ಅದು ಕೆರೆ ಶುದ್ಧ ಮಾಡುತ್ತದೆ, ರೋಗ ವಾಸಿ ಮಾಡುತ್ತದೆ ಎನ್ನುವ ವಿಡಿಯೋಗಳನ್ನು ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡಬೇಡಿ.

ಒಣ ಕಸಕ್ಕೆ ಬಂದರೆ

ಇಲ್ಲಿ ಕರಕುಶಲತೆಗಿಂತ ತೊಳೆದು ಒಣಗಿಸುವುದು ಮುಖ್ಯ. ಹಾಲಿನ ಪ್ಯಾಕೆಟ್ಟನ್ನೇ ತೆಗೆದುಕೊಳ್ಳಿ. ಮೂಲೆಯನ್ನು ಪೂರ್ತಿ ಕತ್ತರಿಸಿದರೆ ಆ ಚೂರು ಯಾವ ಚೀಲಕ್ಕೂ ಸೇರದೆ ಚರಂಡಿಗೆ ಹೋಗುತ್ತದೆ. ಅರ್ಧ ಸೀಳಿ, ತುಂಡು ಅಂಟಿಕೊಂಡೇ ಇರಲಿ. ತೊಳೆದು ಕ್ಲಿಪ್ಪಿಗೆ ಸಿಕ್ಕಿಸಿ ಒಣಗಿಸಿದರೆ ಗುಜರಿಯಲ್ಲಿ ಬೆಲೆಯಿದೆ. ಒಳಗೆ ಬೆಳ್ಳಿ ಬಣ್ಣ ಮಿನುಗುವ ಚಿಪ್ಸ್ ಪ್ಯಾಕೆಟ್ ಹಲವು ಪದರಗಳದ್ದು, ಮರುಬಳಕೆ ಬಲು ಕಷ್ಟ. ಅದನ್ನು ಕೊಳ್ಳುವುದನ್ನೇ ಕಡಿಮೆ ಮಾಡಬೇಕು. ಕಾಗದದ ಕಾಫಿ ಕಪ್ಪಿನೊಳಗೂ ಪ್ಲಾಸ್ಟಿಕ್ ಲೇಪವಿರುತ್ತದೆ, ಕಾಂಪೋಸ್ಟಿಗೆ ಹಾಕಬೇಡಿ.

ಮನೆಯಲ್ಲಿ ನಾಮಕರಣವೋ ಗೃಹಪ್ರವೇಶವೋ ಇದ್ದರೆ ‘ಪ್ಲೇಟ್ ಬ್ಯಾಂಕ್’ ಎಂದು ಹುಡುಕಿ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯಂತೆ ಸ್ಟೀಲ್ ತಟ್ಟೆ, ಲೋಟ ಕೊಟ್ಟು ವಾಪಸು ಪಡೆಯುವ ವ್ಯವಸ್ಥೆ ನಿಮ್ಮ ಹತ್ತಿರವೂ ಇದೆಯೇ ಎಂದು ವಿಚಾರಿಸಿ. ಬಾಳೆಎಲೆ ಊಟವಂತೂ ನಮಗೆ ಹೊಸದಲ್ಲ, ಉಂಡ ಎಲೆ ಕಾಂಪೋಸ್ಟಿಗೇ ಹೋಗಲಿ.

ಹಳೆ ಬಟ್ಟೆಗೆ ಉತ್ತರ ಕರ್ನಾಟಕದ ಕೌದಿ ಹೊಲಿಗೆಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ವಿಡಿಯೋ ನೋಡಿ ಕಲಿಯಬಹುದು, ಆದರೆ ಓಣಿಯಲ್ಲಿ ಕೌದಿ ಹೊಲಿಯುವ ಅಜ್ಜಿ ಇದ್ದರೆ ಮೊದಲು ಅವರ ಬಳಿಗೆ ಹೋಗಿ.

ಕೊನೆಯದಾಗಿ, ನಿಮ್ಮ ಬಕೆಟ್ ಗೊಬ್ಬರ ಕೈಹತ್ತಿದ ಮೇಲೆ ನೀವೂ ಕನ್ನಡದಲ್ಲೊಂದು ವಿಡಿಯೋ ಹಾಕಿ. ಊರು ಯಾವುದು, ಮನೆಯಲ್ಲಿ ಎಷ್ಟು ಜನ, ತರಗೆಲೆ ಎಲ್ಲಿಂದ ತಂದಿರಿ, ಯಾವ ವಾರ ವಾಸನೆ ಬಂತು, ಆಗ ಏನು ಮಾಡಿದಿರಿ, ಇಷ್ಟನ್ನು ಮರೆಯದೆ ಹೇಳಿ.