ಪಿಎಚ್‌.ಡಿ ಸೀಟು ಸಿಕ್ಕಿತು, ಲ್ಯಾಬ್ ಆರಿಸುವುದು ಹೇಗೆ?

ಮೈಕ್ರೊಬಯಾಲಜಿ ಎಂ.ಎಸ್ಸಿ ಮುಗಿಸಿ ಅಮೆರಿಕದ ಮೆಡಿಕಲ್ ಸ್ಕೂಲ್‌ಗಳಿಗೆ ಪಿಎಚ್‌.ಡಿಗೆ ಹೊರಡುವ ನಮ್ಮ ಮಕ್ಕಳು ಅರ್ಜಿಗೆಂದು ಒಂದು ವರ್ಷ ನಿದ್ದೆಗೆಡುತ್ತಾರೆ. ಅಲ್ಲಿಗೆ ಹೋದ ಮೇಲೆ ಗೈಡ್‌ನನ್ನು ಆರಿಸಲು ಮಾತ್ರ ಒಂದು ವಾರವೂ ಯೋಚಿಸುವುದಿಲ್ಲ. ನಾನು ಕಂಡ ಹೆಚ್ಚಿನ ಎಡವಟ್ಟುಗಳು ಇಲ್ಲೇ ಆಗಿವೆ.

ಮೆಡಿಕಲ್ ಸ್ಕೂಲ್ ಎಂದರೆ ಡಾಕ್ಟರ್ ಓದು ಮಾತ್ರವಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಮೈಕ್ರೊಬಯಾಲಜಿ ಮತ್ತು ಇಮ್ಯುನಾಲಜಿ ವಿಭಾಗ ಇರುವುದೇ ಸ್ಕೂಲ್ ಆಫ್ ಮೆಡಿಸಿನ್‌ನೊಳಗೆ. ಅಲ್ಲಿನ ಪಿಎಚ್‌.ಡಿಗೆ ಎಂಬಿಬಿಎಸ್ ಬೇಕಿಲ್ಲ.

ಹಂತ 1: ಅರ್ಜಿ

ಬಹುತೇಕ ಕಡೆ ಕೊನೆಯ ದಿನ ಡಿಸೆಂಬರ್ ಮೊದಲ ವಾರದ ಆಸುಪಾಸು, ಸಂದರ್ಶನ ಜನವರಿ–ಫೆಬ್ರುವರಿಯಲ್ಲಿ, ಒಪ್ಪಿಗೆ ತಿಳಿಸಲು ಸಾಮಾನ್ಯವಾಗಿ ಏಪ್ರಿಲ್ 15ರವರೆಗೆ ಸಮಯ. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯನ್ನು ಅನೇಕ ವಿಭಾಗಗಳು ಕೈಬಿಟ್ಟಿವೆ, ನೋಡದೆ ದುಡ್ಡು ಕಟ್ಟಬೇಡಿ. ಮೂರು ಶಿಫಾರಸು ಪತ್ರಗಳಲ್ಲಿ ಎರಡಾದರೂ ನೀವು ಪ್ರಯೋಗ ಮಾಡಿದ್ದನ್ನು ಕಣ್ಣಾರೆ ಕಂಡವರದ್ದಾಗಿರಲಿ. ‘ವಿಧೇಯ, ಶ್ರಮಜೀವಿ’ ಎಂದಷ್ಟೇ ಬರೆಯುವ ಪ್ರಾಂಶುಪಾಲರ ಪತ್ರದಿಂದ ಪ್ರಯೋಜನವಿಲ್ಲ. ಕನ್ಸಲ್ಟೆನ್ಸಿಯವರು ದುಡ್ಡಿಗೆ ಬರೆದುಕೊಡುವ ಎಸ್‌ಒಪಿ (ಏಕೆ ಓದಬೇಕೆಂದು ನೀವು ಬರೆಯುವ ಉದ್ದೇಶ ಪತ್ರ) ಬೇಡವೇ ಬೇಡ. ಹತ್ತು ಓದಿದರೆ ಹತ್ತೂ ಬಾಲ್ಯದ ಕುತೂಹಲದಿಂದಲೇ ಶುರುವಾಗುತ್ತವೆ. ದುಡ್ಡು ಕೊಟ್ಟರೆ ವಾರದಲ್ಲಿ ಪೇಪರ್ ಅಚ್ಚು ಹಾಕುವ ಜರ್ನಲ್‌ಗಳ ಹತ್ತಿರವೂ ಸುಳಿಯಬೇಡಿ.

ಹಂತ 2: ಹಣದ ಲೆಕ್ಕ

ಈ ವಿಷಯದಲ್ಲಿ ಒಳ್ಳೆಯ ಪಿಎಚ್‌.ಡಿ ಎಂದರೆ ಫೀಸು ಅವರದೇ, ಮೇಲೆ ಸ್ಟೈಪೆಂಡ್, ಆರೋಗ್ಯ ವಿಮೆ. ಫೀಸು ನೀವೇ ಕಟ್ಟಿ ಎಂದರೆ ಬಿಟ್ಟುಬಿಡಿ.

ಹಂತ 3: ರೊಟೇಷನ್

ಮೊದಲ ವರ್ಷ ಸಾಮಾನ್ಯವಾಗಿ ಮೂರು ಲ್ಯಾಬ್‌ಗಳಲ್ಲಿ, ಒಂದೊಂದರಲ್ಲೂ ಎಂಟು–ಹತ್ತು ವಾರ ಕೆಲಸ ಮಾಡಬೇಕು. ಅದರಲ್ಲೊಂದು ಮುಂದಿನ ನಾಲ್ಕೈದು ವರ್ಷ ನಿಮ್ಮ ಮನೆ.

ಲ್ಯಾಬ್‌ಗೆ ಕಾಲಿಡುವ ಮುನ್ನವೇ ಎನ್‌ಐಎಚ್ (ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ) ರಿಪೋರ್ಟರ್ ಎಂಬ ತಾಣದಲ್ಲಿ ಪ್ರೊಫೆಸರ್ ಹೆಸರು ಹಾಕಿ ಹುಡುಕಿ. ಅವರಿಗೆ ಸಿಕ್ಕ ಎನ್‌ಐಎಚ್ ಗ್ರ್ಯಾಂಟ್ ಎಷ್ಟು, ಯಾವಾಗ ಮುಗಿಯುತ್ತದೆ ಎಲ್ಲವೂ ಅಲ್ಲಿದೆ. ಆರ್‌01 ಎಂಬ ದೊಡ್ಡ ಗ್ರ್ಯಾಂಟ್ ಸಾಮಾನ್ಯವಾಗಿ ನಾಲ್ಕೈದು ವರ್ಷದ್ದು, ನಿಮ್ಮ ಪಿಎಚ್‌.ಡಿ ಐದಾರು ವರ್ಷದ್ದು. ನಮ್ಮವರು ಇದನ್ನು ಇನ್ನೂ ಹೆಚ್ಚು ಗಮನಿಸಬೇಕು. ವಿದ್ಯಾರ್ಥಿಗಳಿಗೆಂದೇ ಇರುವ ಎನ್‌ಐಎಚ್‌ನ ಟಿ32, ಎಫ್‌31 ನೆರವು ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಹಾಗಾಗಿ ಲ್ಯಾಬ್ ಸೇರಿದ ಮೇಲೆ ನಿಮ್ಮ ಸ್ಟೈಪೆಂಡ್ ಬಹುಮಟ್ಟಿಗೆ ಗೈಡ್‌ನ ಗ್ರ್ಯಾಂಟ್‌ನಿಂದಲೇ ಬರಬೇಕು. ನನಗೆ ಗೊತ್ತಿರುವ ಹುಡುಗಿಯೊಬ್ಬಳು ದೊಡ್ಡ ಹೆಸರಿನ ಲ್ಯಾಬ್ ಸೇರಿದಳು. ಮೂರನೇ ವರ್ಷ ಗ್ರ್ಯಾಂಟ್ ಮುಗಿಯಿತು, ಹೊಸ ಲ್ಯಾಬ್‌ನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ‘ನನ್ನನ್ನು ಎಷ್ಟು ವರ್ಷ ನೋಡಿಕೊಳ್ಳಬಲ್ಲಿರಿ?’ ಎಂದು ನೇರವಾಗಿ ಕೇಳಿ. ಅಲ್ಲಿ ಅದು ಉದ್ಧಟತನವಲ್ಲ.

ವೈದ್ಯಕೀಯ ಪೇಪರ್‌ಗಳ ಪಟ್ಟಿ ಸಿಗುವ ಪಬ್‌ಮೆಡ್ ತಾಣದಲ್ಲೂ ಹುಡುಕಿ. ಹಳೆಯ ವಿದ್ಯಾರ್ಥಿಗಳ ಹೆಸರು ಪೇಪರ್‌ಗಳಲ್ಲಿ ಮೊದಲಿಗೆ ಬಂದಿದೆಯೇ, ಅಥವಾ ಎಲ್ಲ ಕಡೆ ಪೋಸ್ಟ್‌ಡಾಕ್‌ಗಳೇ (ಪಿಎಚ್‌.ಡಿ ಮುಗಿಸಿ ಲ್ಯಾಬ್‌ನಲ್ಲಿ ಕೆಲಸ ಮಾಡುವವರು) ಮೊದಲಿದ್ದಾರೆಯೇ?

ಇನ್ನು ಪ್ರಾಜೆಕ್ಟ್. ಹೊಸ ಇಲಿ ತಳಿ ಬೆರೆಸುವ ಕೆಲಸ ಒಪ್ಪಿಕೊಳ್ಳಬೇಡಿ. ಗರ್ಭಕ್ಕೆ ಮೂರು ವಾರ, ಮರಿ ಹಾಲು ಬಿಡಲು ಮೂರು ವಾರ, ಬಲಿಯಲು ಮತ್ತಷ್ಟು ವಾರ. ಒಂದು ತಲೆಮಾರಿಗೇ ನಿಮ್ಮ ರೊಟೇಷನ್ ಮುಗಿದಿರುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಇಷ್ಟವೆಂದರೆ ಬಿಎಸ್‌ಎಲ್‌–3 ಎಂಬ ಬಿಗಿ ಸುರಕ್ಷತೆಯ ಲ್ಯಾಬ್‌ನ ತರಬೇತಿಗೇ ಸಮಯ ಹೋಗುತ್ತದೆ, ಆದ್ದರಿಂದ ಅಪಾಯವಿಲ್ಲದ ಸ್ಮೆಗ್ಮಾಟಿಸ್‌ನಂಥ ಸೋದರ ಜಾತಿಯ ಮೇಲೆ ಕೆಲಸ ಕೇಳಿ. ರಕ್ತದ ಜೀವಕೋಶಗಳ ಫ್ಲೋ ಸೈಟೊಮೆಟ್ರಿಯಾದರೆ (ಬಣ್ಣ ಅಂಟಿಸಿದ ಆ್ಯಂಟಿಬಾಡಿಗಳಿಂದ ಜೀವಕೋಶಗಳನ್ನು ಗುರುತಿಸಿ ಎಣಿಸುವ ವಿಧಾನ) ಇನ್ನೂ ಒಳ್ಳೆಯದು, ಕೈಗೆ ಬೇಗ ಹತ್ತುತ್ತದೆ. ಆದರೆ ಫ್ರಿಜ್‌ನ ಮೂಲೆಯಲ್ಲಿ ಯಾರೋ ಬಿಟ್ಟುಹೋದ ಆ್ಯಂಟಿಬಾಡಿ ಟ್ಯೂಬ್ ಹಿಡಿದು ಹೊರಡಬೇಡಿ. ಅದಕ್ಕೆ ಅಂಟಿಸಿರುವ ಟ್ಯಾಂಡೆಮ್ ಬಣ್ಣಗಳು (ಎರಡು ಬಣ್ಣ ಜೋಡಿಸಿ ಮಾಡಿದವು) ಬೆಳಕು ತಾಗಿದರೆ ಕೆಡುತ್ತವೆ, ಫ್ರೀಜರ್‌ಗೆ ಹಾಕಿದರೂ ಕೆಡುತ್ತವೆ. ಆಮೇಲೆ ಇಲ್ಲದ ಜೀವಕೋಶ ಇದ್ದಂತೆ ಕಾಣುತ್ತದೆ. ಮೊದಲು ಕಂಟ್ರೋಲ್ (ಫಲಿತಾಂಶ ಏನೆಂದು ಮೊದಲೇ ಗೊತ್ತಿರುವ, ಹೋಲಿಕೆಗೆಂದು ಇಡುವ ಮಾದರಿ) ಹಾಕಿ ನೋಡಿ.

ಮುಖ್ಯವಾದದ್ದೊಂದಿದೆ. ನಮ್ಮ ಮಕ್ಕಳು ಈ ಹತ್ತು ವಾರ ರಾತ್ರಿ ಹನ್ನೊಂದರವರೆಗೆ ಕೂತು ಡೇಟಾ ತೆಗೆದು ಗೈಡ್‌ನನ್ನು ಮೆಚ್ಚಿಸಲು ನೋಡುತ್ತಾರೆ. ಪರೀಕ್ಷೆ ನಿಮ್ಮದಷ್ಟೇ ಅಲ್ಲ, ಅವರದೂ ಹೌದು. ವಾರದ ಲ್ಯಾಬ್ ಮೀಟಿಂಗ್‌ನಲ್ಲಿ ಕಣ್ಣಿಟ್ಟು ಕೂರಿ. ಯಾರಾದರೂ ಕೈಕೊಟ್ಟ ಪ್ರಯೋಗ ತೋರಿಸಿದಾಗ ಪ್ರೊಫೆಸರ್ ಏನು ಮಾಡುತ್ತಾರೆ? ‘ಕಂಟ್ರೋಲ್ ಏನು ಹೇಳಿತು?’ ಎಂದು ಕೇಳಿದರೆ ಆ ಲ್ಯಾಬ್‌ನಲ್ಲಿ ಕಲಿಯಬಹುದು. ಎಲ್ಲರೆದುರು ಮಾನ ಕಳೆದರೆ ಬೇಡ, ನೇಚರ್‌ನಲ್ಲಿ ಎಷ್ಟೇ ಪೇಪರ್ ಇರಲಿ. ಹಿರಿಯ ವಿದ್ಯಾರ್ಥಿಯನ್ನು ಕಾಫಿಗೆ ಕರೆದು ಮಾತಾಡಿ. ಇಮೇಲ್‌ನಲ್ಲಿ ಯಾರೂ ನಿಜ ಬರೆಯುವುದಿಲ್ಲ. ಅರ್ಧಕ್ಕೆ ಲ್ಯಾಬ್ ಬಿಟ್ಟವರಿದ್ದರೆ ಅವರನ್ನೂ ಹುಡುಕಿ. ನನ್ನ ಆಯ್ಕೆ ಏಳೆಂಟು ಜನರ ಲ್ಯಾಬ್. ಗೈಡ್ ವಾರಕ್ಕೊಮ್ಮೆ ನಿಮ್ಮ ಜೊತೆ ಅರ್ಧ ಗಂಟೆ ಕೂರುವಂತಿರಬೇಕು.

ಪ್ರತಿ ಶುಕ್ರವಾರ ಸಂಜೆ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಒಂದು ಸಾಲು ಬರೆಯಿರಿ: ಈ ವಾರ ಇಲ್ಲಿ ಪ್ರಶ್ನೆ ಕೇಳಲು ನನಗೆ ಹೆದರಿಕೆಯಾಯಿತೇ?

ಹಂತ 4: ಮುಂದಿನದು

ಎರಡನೇ ವರ್ಷದ ಸುಮಾರಿಗೆ ಕ್ವಾಲಿಫೈಯಿಂಗ್ ಪರೀಕ್ಷೆ. ಸಂಶೋಧನೆಯ ಪ್ರಸ್ತಾವ ಬರೆದು ಸಮಿತಿಯ ಮುಂದೆ ಸಮರ್ಥಿಸಬೇಕು. ಒಳ್ಳೆಯ ಗೈಡ್ ಇದ್ದರೆ ಇದು ದಾಟುತ್ತದೆ.

ಆಯ್ಕೆ ಮಾಡಿದ ದಿನವೇ ಉಳಿದಿಬ್ಬರು ಪ್ರೊಫೆಸರ್‌ಗಳ ಬಾಗಿಲು ತಟ್ಟಿ, ಎದುರಿಗೆ ನಿಂತು ವಿಷಯ ತಿಳಿಸಿ, ಧನ್ಯವಾದ ಹೇಳಿ ಬನ್ನಿ. ಥೀಸಿಸ್ ಸಮಿತಿ ಕಟ್ಟುವಾಗ ನೀವು ಮೊದಲು ಹೋಗಿ ಕೇಳುವುದು ಅವರನ್ನೇ.