ಸರ್ಜರಿ ಪೋಸ್ಟಿಂಗ್‌ನಲ್ಲಿ ಒಬ್ಬ ರೋಗಿಯ ಬೆನ್ನು ಹತ್ತಿ ಕಲಿಯುವ ಬಗೆ

ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಎಂಬಿಬಿಎಸ್ ಎರಡನೇ ವರ್ಷದಿಂದ ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ಒಂದೊಂದು ವಿಭಾಗದ ವಾರ್ಡಿನಲ್ಲಿ ಸರದಿಯಂತೆ ಕಲಿಯುವುದು, ಆರಂಭವಾಗುತ್ತದೆ. ಜನರಲ್ ಸರ್ಜರಿಯ ಸರದಿ ಬಂದಾಗ ಎಲ್ಲರಿಗೂ ಆಪರೇಷನ್ ಥಿಯೇಟರಿನದೇ ಆಸೆ. ಆದರೆ ಪ್ರಾಧ್ಯಾಪಕರು, ಪಿಜಿಗಳು (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು), ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳು ಟೇಬಲ್ಲಿನ ಸುತ್ತ ನಿಂತ ಮೇಲೆ ಹಿಂದೆ ನಿಂತವರಿಗೆ ಹೆಚ್ಚೇನೂ ಕಾಣುವುದಿಲ್ಲ. ಒಬ್ಬ ರೋಗಿಯನ್ನು ದಾಖಲಾದ ದಿನದಿಂದ ಡಿಸ್‌ಚಾರ್ಜ್ ಆಗುವವರೆಗೆ ಬಿಡದೆ ಗಮನಿಸುವುದೇ ಸರ್ಜರಿ ಕಲಿಯಲು ಸರಿಯಾದ ಮಾರ್ಗವೆಂದು ನಾನು ನಂಬಿದ್ದೇನೆ.

ಮೊದಲಿಗೆ ತೊಡೆಸಂದಿನ ಹರ್ನಿಯಾ (ಹೊಟ್ಟೆಗೋಡೆಯ ದುರ್ಬಲ ಜಾಗದಿಂದ ಒಳಗಿನ ಭಾಗ ಹೊರಗೆ ಉಬ್ಬುವುದು) ಇರುವವರನ್ನು ಆರಿಸಿಕೊಳ್ಳಿ. ಗಡ್ಡೆ ಯಾವಾಗಿನಿಂದ ಇದೆ, ಮಲಗಿದರೆ ಒಳಗೆ ಹೋಗುತ್ತದೆಯೇ ಎಂದು ಕೇಳುವುದರ ಜೊತೆಗೆ ಭಾರ ಎತ್ತುವ ಕೆಲಸ, ಬೀಡಿ, ಹಳೆಯ ಕೆಮ್ಮು, ಮಲಬದ್ಧತೆ, ಮೂತ್ರಕ್ಕೆ ತಿಣುಕಬೇಕಾದ ತೊಂದರೆ, ಇವೆಲ್ಲವನ್ನೂ ವಿಚಾರಿಸಬೇಕು. ಏಕೆಂದರೆ ಹೊಟ್ಟೆಯೊಳಗಿನ ಒತ್ತಡ ಹೆಚ್ಚಿಸುವ ಕಾರಣ ಉಳಿದುಕೊಂಡರೆ ಹರ್ನಿಯಾ ಮರುಕಳಿಸಬಹುದು. ಪರೀಕ್ಷೆಗೆ ಮುನ್ನ ಒಪ್ಪಿಗೆ ಕೇಳಿ, ಪರದೆ ಎಳೆಯಿರಿ. ವಾರ್ಡಿನ ನಡುವೆ ಬಟ್ಟೆ ಸರಿಸಬೇಕಾದ ಹಿರಿಯರ ಸಂಕೋಚವನ್ನು ಯಾವ ಅವಸರದಲ್ಲೂ ಮರೆಯಬಾರದು.

ರೋಗಿಯನ್ನು ಮೊದಲು ನಿಲ್ಲಿಸಿ, "ಅಜ್ಜಾ, ಮುಖ ಆ ಕಡೆ ತಿರುಗಿಸಿ ಒಂದು ಸಲ ಜೋರಾಗಿ ಕೆಮ್ಮಿ" ಎಂದು ಹೇಳಿ, ಗಡ್ಡೆ ಉಬ್ಬುವುದನ್ನು ಮೊದಲು ಕಣ್ಣಿನಿಂದ, ನಂತರ ಕೈಯಿಂದ ಗುರುತಿಸಿ. ಆಮೇಲೆ ಮಲಗಿಸಿ, ಗಡ್ಡೆಯನ್ನು ಒಳಗೆ ಸೇರಿಸಿ, ಇಂಗ್ವೈನಲ್ ಲಿಗಮೆಂಟಿನ (ತೊಡೆಸಂದಿನ ಉದ್ದಕ್ಕೂ ಇರುವ ಗಟ್ಟಿ ಪಟ್ಟಿಯ) ಮಧ್ಯಬಿಂದುವಿನಿಂದ ಸುಮಾರು 1.25 ಸೆಂ.ಮೀ. ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದು, ಹಾಗೆಯೇ ನಿಲ್ಲಿಸಿ ಮತ್ತೆ ಕೆಮ್ಮಿಸಿ. ಗಡ್ಡೆ ಕಾಣಿಸದಿದ್ದರೆ ಅದು ಇನ್‌ಡೈರೆಕ್ಟ್ (ತೊಡೆಸಂದಿನ ಕಾಲುವೆಯ ಒಳದ್ವಾರದಿಂದ ಬರುವುದು), ಬೆರಳಿಗಿಂತ ದೇಹದ ನಡುಗಡೆಗೆ ಕಾಣಿಸಿಕೊಂಡರೆ ಡೈರೆಕ್ಟ್ (ದುರ್ಬಲವಾದ ಗೋಡೆಯಿಂದ ನೇರವಾಗಿ ಬರುವುದು) ಎಂದು ಊಹಿಸಬಹುದು. ಗಡ್ಡೆ ಒಳಹೋಗದೆ, ಮುಟ್ಟಿದರೆ ನೋಯುತ್ತಿದ್ದು, ವಾಂತಿಯೂ ಇದ್ದರೆ ಒತ್ತುವ ಪ್ರಯತ್ನ ಬೇಡ; ಕೂಡಲೇ ಪಿಜಿಯನ್ನು ಕರೆಯಿರಿ, ಕರುಳಿಗೆ ರಕ್ತ ಸಂಚಾರ ನಿಂತಿರಬಹುದು.

ಪ್ರಾಧ್ಯಾಪಕರ ಮುಂದೆ ರೋಗಿಯ ಕೇಸ್ ಹೇಳುವಾಗ ನೋಡದೇ ಇರುವುದನ್ನು "ನಾರ್ಮಲ್" ಎನ್ನಬೇಡಿ. "ನೋಡಿಲ್ಲ ಸರ್" ಎಂದರೆ ಬೈಗುಳ ಸಿಗಬಹುದು, ಆದರೆ ರೋಗಿಗೆ ಹಾನಿಯಾಗುವುದಿಲ್ಲ.

ನಿಮ್ಮ ರೋಗಿಯ ಆಪರೇಷನ್ ದಿನ ತಿಂಡಿ ತಿಂದೇ ಹೋಗಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಸುರಕ್ಷತಾ ಚೆಕ್‌ಲಿಸ್ಟನ್ನು ಅರಿವಳಿಕೆಗೆ ಮುನ್ನ, ಚರ್ಮ ಕೊಯ್ಯುವ ಮುನ್ನ ಮತ್ತು ರೋಗಿ ಥಿಯೇಟರ್ ಬಿಡುವ ಮುನ್ನ ಓದುತ್ತಾರೆ. ಹರ್ನಿಯಾ ಎಡಗಡೆಯದೋ ಬಲಗಡೆಯದೋ ಎಂಬುದು ಅಲ್ಲಿ ಮತ್ತೊಮ್ಮೆ ಖಚಿತವಾಗುವುದರಿಂದ ಗಮನವಿಟ್ಟು ಕೇಳಿಸಿಕೊಳ್ಳಿ. ಸ್ಕ್ರಬ್ ಆಗುವ (ಕೈ ತೊಳೆದು ಆಪರೇಷನ್ನಿನಲ್ಲಿ ಜೊತೆ ನಿಲ್ಲುವ) ಅವಕಾಶ ಸಿಕ್ಕರೆ, ನೀರು ಮೊಣಕೈ ಕಡೆಗೆ ಇಳಿಯುವಂತೆ ಬೆರಳುಗಳನ್ನು ಮೇಲಕ್ಕೆ ಹಿಡಿಯಿರಿ. ಗೌನ್ ತೊಟ್ಟ ಬಳಿಕ ಕೈಗಳು ಎದೆ ಮತ್ತು ಸೊಂಟದ ನಡುವೆಯೇ ಇರಲಿ. ಸ್ಟೆರೈಲ್ (ಕ್ರಿಮಿರಹಿತ) ಅಲ್ಲದ್ದನ್ನು ಮುಟ್ಟಿದರೆ ಆ ಕ್ಷಣವೇ ಹೇಳಿಬಿಡಿ. ತಲೆ ಸುತ್ತಿದರೆ ಟೇಬಲ್ಲಿನಿಂದ ಹಿಂದೆ ಸರಿದು ಕುಳಿತುಕೊಳ್ಳಿ, ನಾಚಿಕೊಳ್ಳುವಂಥದ್ದೇನೂ ಅಲ್ಲ.

ಸೂಜಿ ಚುಚ್ಚಿದರೆ ಗಾಯವನ್ನು ಹಿಂಡದೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ವರದಿ ಮಾಡಬೇಕು. ಎಚ್‌ಐವಿ ತಡೆಯ ಔಷಧ ಬೇಕಾದಲ್ಲಿ ಆದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಆರಂಭವಾಗಬೇಕು. ಹೆಪಟೈಟಿಸ್ ಬಿ ಲಸಿಕೆಯನ್ನು ಪೋಸ್ಟಿಂಗ್‌ಗೆ ಮೊದಲೇ ಮುಗಿಸಿಕೊಂಡಿರಿ.

ಆಪರೇಷನ್ನಿನ ಮರುದಿನ ವೈದ್ಯರ ರೌಂಡ್ಸ್‌ಗೆ ಮೊದಲು ಹಾಸಿಗೆಯ ಬಳಿ ನೀವಿರಬೇಕು. ಮೂತ್ರ ಹೋಯಿತೇ ಎಂಬುದು ಮೊದಲ ಪ್ರಶ್ನೆ, ಏಕೆಂದರೆ ಬೆನ್ನಿಗೆ ಅರಿವಳಿಕೆ ಕೊಟ್ಟ ನಂತರ ಅದು ಕಟ್ಟಿಕೊಳ್ಳುವುದುಂಟು. ಜ್ವರ, ನೋವು, ಡ್ರೆಸ್ಸಿಂಗ್ ಒದ್ದೆಯಾಗಿರುವುದು, ವೃಷಣಚೀಲದ ಊತ, ಎದ್ದು ನಡೆದರೇ ಇಲ್ಲವೇ ಎಂಬುದನ್ನು ನೋಡಿ ಬರೆದುಕೊಳ್ಳಿ. ಡಿಸ್‌ಚಾರ್ಜ್ ದಿನ ಹೊಲಿಗೆ ಬಿಚ್ಚುವ ದಿನಾಂಕ, ಭಾರ ಎತ್ತದಿರುವ ಅವಧಿ, ಬೀಡಿ ಬಿಡುವ ಮಾತು, ಯಾವ ತೊಂದರೆಯಾದರೆ ಕೂಡಲೇ ಮರಳಿ ಬರಬೇಕು ಎಂಬುದನ್ನು ಯೂನಿಟ್ಟಿನ ವೈದ್ಯರಿಂದ ತಿಳಿದುಕೊಂಡು, ರೋಗಿಗೂ ಜೊತೆಗೆ ಬಂದವರಿಗೂ ಅವರ ಮಾತಿನಲ್ಲೇ ಹೇಳಿ, ಅವರಿಂದ ಮತ್ತೊಮ್ಮೆ ಹೇಳಿಸಿ.