ಸ್ಯಾಂಪಲ್ ಇಲ್ಲದೆ ಬ್ರೌಸರ್‌ನಲ್ಲಿ ತಂತಿ ಮೀಟಿದ ನನ್ನ ಅನುಭವ

ಬ್ರೌಸರ್‌ನಲ್ಲಿ ತಂತಿಯ ದನಿ ಬೇಕಾದರೆ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿದ ಸ್ವರ) ಹಾಕಲೇಬೇಕು, ಲೆಕ್ಕದಿಂದ ಹುಟ್ಟಿಸಿದ್ದು ಆಟಿಕೆ ಥರ ಕೇಳುತ್ತೆ ಅಂತ ಬಲ್ಲವರೆಲ್ಲ ಹೇಳಿದ್ದರು. ಈಗ ನನ್ನ ಪುಟದಲ್ಲಿ ಒಂದೂ ಆಡಿಯೊ ಫೈಲ್ ಇಲ್ಲ. ಇಡೀ ವಾದ್ಯ ಹತ್ತು ಹನ್ನೆರಡು ಕೆಬಿ. ಹಳೇ ಫೋನಿನಲ್ಲೂ ಇಪ್ಪತ್ತು ಮೂವತ್ತು ತಂತಿ ಒಟ್ಟಿಗೆ ನುಡಿಯುತ್ತವೆ. ಹೇಳಿದವರೇ ಈಗ ಕೋಡ್ ಕೇಳುತ್ತಿದ್ದಾರೆ!

ಮೊದಲು ಸ್ಯಾಂಪಲ್ ದಾರಿಯನ್ನೇ ಹಿಡಿದಿದ್ದೆ. ದುಡ್ಡು ಕೊಟ್ಟು ತಗೊಂಡ ಲೈಬ್ರರಿಯ ಲೈಸೆನ್ಸ್ ಪ್ರಕಾರ ಹಾಡಿನಲ್ಲಿ ಬಳಸಬಹುದು, ಬಿಡಿ ಸ್ವರಗಳನ್ನು ವೆಬ್ ಪುಟಕ್ಕೆ ಹಾಕುವಂತಿಲ್ಲ. ಆ ದುಡ್ಡು ಅಲ್ಲಿಗೇ ಹೋಯಿತು. ನಾನೇ ರೆಕಾರ್ಡ್ ಮಾಡಿದೆ. ಎಂಪಿ3 ಮಾಡಿ ಎಷ್ಟೇ ಕುಗ್ಗಿಸಿದರೂ ಬ್ರೌಸರ್ ಅದನ್ನು ಬಿಚ್ಚಿ 32 ಬಿಟ್ ಫ್ಲೋಟ್ ಆಗಿ ಮೆಮೊರಿಯಲ್ಲಿ ಇಡುತ್ತದೆ. ಹತ್ತು ಸೆಕೆಂಡಿನ ಸ್ಟೀರಿಯೊ ಸ್ವರಕ್ಕೆ ಸುಮಾರು ಮೂರೂವರೆ ಎಂಬಿ. 36 ಸ್ವರ ಅಂದರೆ ನೂರಿಪ್ಪತ್ತು ದಾಟಿತು. ಫೋನಿನಲ್ಲಿ ಟ್ಯಾಬ್ ಸತ್ತೇ ಹೋಗುತ್ತಿತ್ತು. ಬ್ಯಾಂಡ್‌ವಿಡ್ತ್ ಬಿಲ್ ಬೇರೆ.

ಆಮೇಲೆ ಬಂದದ್ದು ಕಾರ್ಪ್ಲಸ್-ಸ್ಟ್ರಾಂಗ್. 1983ರ ವಿಧಾನ: ಗದ್ದಲದ ಒಂದು ಚೂರನ್ನು ಸುತ್ತಿನಲ್ಲಿ ತಿರುಗಿಸುತ್ತಾ ಪ್ರತಿ ಸಲವೂ ಪಕ್ಕಪಕ್ಕದ ಅಳತೆಗಳ ಸರಾಸರಿ ತೆಗೆದರೆ, ಅದು ಮೀಟಿದ ತಂತಿಯಂತೆ ನುಡಿದು ಆರುತ್ತದೆ. ಸುತ್ತಿನ ತಡ ಕಡಿಮೆಯಾದಷ್ಟೂ ಸ್ವರ ಮೇಲೆ. ಬ್ರೌಸರ್‌ನಲ್ಲೇ ಇರುವ, ದನಿಯನ್ನು ತಡಮಾಡಿ ಬಿಡುವ ಡಿಲೇ ನೋಡ್‌ಗೆ ಫೀಡ್‌ಬ್ಯಾಕ್ ಕೊಟ್ಟು ಸುಲಭವಾಗಿ ಕಟ್ಟಿದೆ. ಕೆಳಗಿನ ಸ್ವರಗಳು ಚೆನ್ನಾಗಿಯೇ ಬಂದವು. ಮೇಲೆ ಹೋದಂತೆ ಎಲ್ಲವೂ ಒಂದೇ ಸ್ವರ! ಕಾರಣ ಇಷ್ಟೇ: ಸುತ್ತಿನೊಳಗಿನ ಡಿಲೇ 128 ಸ್ಯಾಂಪಲ್‌ಗಿಂತ (ಇಲ್ಲಿ ಸ್ಯಾಂಪಲ್ ಅಂದರೆ ದನಿಯ ಒಂದು ಬಿಡಿ ಅಳತೆ) ಕಡಿಮೆಯಾಗುವುದಿಲ್ಲ. ಸೆಕೆಂಡಿಗೆ 48000 ಸ್ಯಾಂಪಲ್ ದರದಲ್ಲಿ 375 ಹರ್ಟ್ಸ್‌ಗೆ ಗೋಡೆ.

ಹಾಗಾಗಿ ಆಡಿಯೊ ವರ್ಕ್‌ಲೆಟ್ (ಬ್ರೌಸರ್‌ನಲ್ಲಿ ದನಿಯ ಲೆಕ್ಕವನ್ನು ನಮ್ಮದೇ ಕೋಡ್ ಮಾಡುವ ಜಾಗ) ಒಳಗೆ ಆ ಡಿಲೇಗೆ ನನ್ನದೇ ಬಫರ್ ಬರೆದೆ. ಶ್ರುತಿ ಆಗಲೂ ಸರಿ ಕೂರಲಿಲ್ಲ. 1760 ಹರ್ಟ್ಸ್‌ಗೆ 27.27 ಸ್ಯಾಂಪಲ್ ತಡ ಬೇಕು. ಸರಾಸರಿ ತೆಗೆಯುವ ಫಿಲ್ಟರ್ ತಾನೇ ಅರ್ಧ ಸ್ಯಾಂಪಲ್ ತಿನ್ನುತ್ತದೆ. ಬಫರ್‌ನ ಉದ್ದ ಪೂರ್ಣ ಸಂಖ್ಯೆಯೇ ಆಗಬೇಕು ಅಂತ ಉಳಿದ 26.77 ಅನ್ನು 27 ಮಾಡಿದರೆ ಸ್ವರ ಹದಿನಾಲ್ಕು ಹದಿನೈದು ಹರ್ಟ್ಸ್ ಇಳಿಯುತ್ತದೆ. ಕಿವಿ ಇದ್ದವರು ಸಹಿಸುವುದಿಲ್ಲ. ಆ ಚೂರುಪಾರು ಭಾಗಕ್ಕೆ, ದನಿಯ ಬಣ್ಣ ಕೆಡಿಸದೆ ತಡ ಮಾತ್ರ ಸೇರಿಸುವ ಆಲ್‌ಪಾಸ್ ಫಿಲ್ಟರ್ ಹಾಕಿದ ಮೇಲೆ ಶ್ರುತಿ ಗಟ್ಟಿ ನಿಂತಿತು.

ಪಟಪಟ ಸದ್ದು ಬರುತ್ತಿದ್ದರೆ ವರ್ಕ್‌ಲೆಟ್‌ನ ಪ್ರೊಸೆಸ್ ಫಂಕ್ಷನ್ ಒಳಗೆ ಹೊಸ ಅರೇ ಹುಟ್ಟುತ್ತಿದೆಯಾ ನೋಡಿ. 128 ಸ್ಯಾಂಪಲ್‌ನ ಒಂದು ಬ್ಲಾಕ್‌ಗೆ ಸಿಗುವುದು ಮೂರು ಮಿಲಿಸೆಕೆಂಡ್‌ಗಿಂತ ಕಡಿಮೆ. ಅಷ್ಟರಲ್ಲಿ ಬೇಡದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಎದ್ದರೆ ಕಥೆ ಮುಗೀತು. ವರ್ಕ್‌ಲೆಟ್ ಸಿಗುತ್ತಲೇ ಇಲ್ಲ ಅಂದರೆ ಎಚ್‌ಟಿಟಿಪಿಎಸ್ ಇದೆಯಾ ನೋಡಿ. ಪುಟಕ್ಕೆ ಬೆರಳು ತಾಗುವವರೆಗೆ ಸದ್ದೇ ಬರಲ್ಲ ಅನ್ನುವುದಂತೂ ಎಲ್ಲರಿಗೂ ಗೊತ್ತು.

ಆಟಿಕೆ ಥರದ ದನಿ ಹೋದದ್ದು ಹೇಗೆ? ಮೀಟುವ ಮೊದಲು ಆ ಗದ್ದಲದ ಚೂರನ್ನು ಎರಡು ಸಲ ಸೋಸುತ್ತೇನೆ. ಎಷ್ಟು, ಯಾವ ಅಳತೆಗೆ ಅಂತ ಹೇಳುವುದಿಲ್ಲ. ಅಷ್ಟಾದರೂ ನನ್ನ ಹತ್ತಿರ ಇರಲಿ, ಅಲ್ವಾ?

ಮೊನ್ನೆ ಸುಮ್ನೆ ಗದ್ದಲದ ಬದಲು ಮೈಕ್ ಜೋಡಿಸಿದೆ. ಬ್ರೌಸರ್ ಮೈಕ್ ದನಿಯನ್ನು ತಿದ್ದುವ ಎಕೋ ಕ್ಯಾನ್ಸಲೇಶನ್, ನಾಯ್ಸ್ ಸಪ್ರೆಶನ್, ಆಟೋ ಗೇನ್ ಮೂರನ್ನೂ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಬ್ರೌಸರ್ ಅರ್ಧ ಸದ್ದನ್ನು ನುಂಗಿಬಿಡುತ್ತದೆ. ಇಯರ್‌ಫೋನ್ ವೈರ್ ಇರುವುದನ್ನೇ ಬಳಸಿ, ಬ್ಲೂಟೂತ್‌ನಲ್ಲಿ ತಡ ಜಾಸ್ತಿ. ಮೇಜಿನ ಮೇಲೆ ಉಗುರಲ್ಲಿ ಕುಟ್ಟಿದರೆ ತಂತಿ ನುಡಿಯುತ್ತದೆ. ಮಾತಾಡಿದರೂ ನುಡಿಯುತ್ತದೆ, ಆದರೆ ದನಿ ಬೇಗ ಕಲಸಿಹೋಗುತ್ತದೆ. ಅದಕ್ಕೊಂದು ಗೇಟ್, ಅಂದರೆ ಸಣ್ಣ ಸದ್ದನ್ನು ಒಳಗೆ ಬಿಡದ ಬಾಗಿಲು, ಬರೆಯುತ್ತಿದ್ದೇನೆ.